ಬಂದೂಕಿನ ಡಾಕ್ಟರು

ಕಳೆದ ವಾರ ಚಿಕ್ಕೋಡಿಯಿಂದ ಫೋನು ಬಂತು. ಅಲ್ಲಿಯ ಹಿರಿಯ ಹಲ್ಲಿನ ಡಾಕ್ಟರೊಬ್ಬರು ಈ ತಿಂಗಳು ಕೆಲಸ ಬಿಡುತ್ತಿದ್ದಾರೆ. ದವಾಖಾನೆ ಅಳಿಯನ ಪಾಲಿಗೆ ಹೋಗುತ್ತದೆ. ಊರವರು ಸೇರಿ ಸತ್ಕಾರ ಇಟ್ಟುಕೊಂಡಿದ್ದಾರೆ, ಸತ್ಕಾರದ ದಿನ ಒಂದು ನೆನಪಿನ ಸಂಚಿಕೆಯೂ ಬರುತ್ತದೆ.

"ನೀವು ಸಾಹೇಬ್ರ ಕೈಯಾಗ ಕಲಿತವರು. ಎರಡ ಪೇಜ ಚೊಲೊ ಬರದ ಕೊಡ್ರಿ," ಎಂದರು ಫೋನು ಮಾಡಿದವರು.

ನಾನು ದಿನಚರಿ ಬರೆಯುವವಳು. ಹಲ್ಲಿನ ಡಾಕ್ಟರಾಗಿ ಹೊರಬಿದ್ದ ಮೇಲೆ ಮೊದಲ ವರ್ಷ ಕೆಲಸ ಮಾಡಿದ್ದು ಅವರ ಹತ್ತಿರವೇ. ಆ ವರ್ಷದ ಪುಸ್ತಕ ತೆಗೆದು, ಚೊಲೊ ಎನ್ನಬಹುದಾದ್ದನ್ನೆಲ್ಲ ತಾರೀಖಿನ ಸಮೇತ ಬೇರೆ ಹಾಳೆಗೆ ಇಳಿಸಿದೆ. ಅರ್ಧ ಪುಟವಾಯಿತು. ಅದನ್ನು ಸಂಚಿಕೆಗೆ ಕಳಿಸಿದ್ದೇನೆ. ಅಲ್ಲಿ ಹಿಡಿಸದ್ದು ಇಲ್ಲಿದೆ. ಹೆಸರು ಹಾಕಿಲ್ಲ. ನಮ್ಮ ಐದು ತಾಲ್ಲೂಕುಗಳಲ್ಲಿ ಅವರನ್ನು ಬಲ್ಲವರಿಗೆ ಹೆಸರು ಬೇಕಾಗುವುದಿಲ್ಲ, ಉಳಿದವರಿಗೆ ಅದರಿಂದ ಉಪಯೋಗವಿಲ್ಲ.

ಆ ಅರ್ಧ ಪುಟದಲ್ಲಿ ಇರುವುದು ಇಷ್ಟು. ಹಲ್ಲು ಕೀಳುವುದರಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ರೋಗಿ ಹೆದರಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿರುತ್ತಿತ್ತು. ನಿಪ್ಪಾಣಿಯವರು ಬಂದರೆ ಮರಾಠಿ, ಅಥಣಿಯವರು ಬಂದರೆ ಅಥಣಿಯ ಕನ್ನಡ. ಉಗಾರದ ಕಡೆಯಿಂದ ಕಬ್ಬು ಕಡಿಯುವವರು ಬಂದರೆ ಸರದಿ ಕಾಯಿಸುತ್ತಿರಲಿಲ್ಲ, ಅವರು ಗಾಡಿ ತಪ್ಪಿಸಿಕೊಳ್ಳಬಾರದೆಂದು ಮೊದಲೇ ಒಳಗೆ ಕರೆಯುತ್ತಿದ್ದರು. ಇದೆಲ್ಲ ನಿಜ. ನಾನು ಕಂಡದ್ದು.

ಉಳಿದದ್ದು ಬಂದೂಕಿನದು.

ಬಂದೂಕು ಎಂದು ಅವರು ಕರೆಯುತ್ತಿದ್ದದ್ದು ಕೈಯಲ್ಲಿ ಹಿಡಿದು ಹಲ್ಲಿನ ಎಕ್ಸ್‌ರೇ ತೆಗೆಯುವ ಯಂತ್ರವನ್ನು. ದೊಡ್ಡ ಕ್ಯಾಮೆರಾದಷ್ಟು ಇರುತ್ತದೆ. ಮುಂದೆ ಒಂದು ಕೊಳವೆ, ಕೆಳಗೆ ಹಿಡಿಕೆ, ತೋರುಬೆರಳಿಗೆ ಒಂದು ಗುಂಡಿ, ಒಳಗೆ ಬ್ಯಾಟರಿ. ಹಾಸಿಗೆಯಿಂದ ಏಳಲಾಗದ ಮುದುಕರಿಗೆ, ಕರೆಂಟು ಸರಿಯಾಗಿಲ್ಲದ ಹಳ್ಳಿಗೆ ಒಳ್ಳೆಯ ಯಂತ್ರ. ಆದರೆ ಗೋಡೆಗೆ ಕೂರಿಸಿದ ಎಕ್ಸ್‌ರೇ ಯಂತ್ರವಾದರೆ ಗುಂಡಿ ಒತ್ತುವವರು ಬಾಗಿಲಾಚೆ ಹೋಗಿ ನಿಲ್ಲಬಹುದು, ಇದನ್ನು ಹಿಡಿದವರು ಇದರ ಜೊತೆಗೇ ನಿಲ್ಲಬೇಕು. ರೋಗಿಯ ಮುಖಕ್ಕೆ ತಾಗಿದ ಕಿರಣಗಳಲ್ಲಿ ಸ್ವಲ್ಪ ಹಿಂದಕ್ಕೆ ಚದುರುತ್ತವೆ. ಅವನ್ನು ತಡೆಯಲೆಂದೇ ಕೊಳವೆಯ ತುದಿಗೆ ಒಂದು ದಪ್ಪ ಪಾರದರ್ಶಕ ಬಳೆ ಬಿಗಿದಿರುತ್ತಾರೆ, ಊಟದ ತಟ್ಟೆಯಷ್ಟು ಅಗಲ, ನಡುವೆ ತೂತು. ಯಂತ್ರ ಹಿಡಿದವರು ಅದರ ಮರೆಯಲ್ಲಿ ನಿಲ್ಲಬೇಕು.

ಸಾಹೇಬರು ಆ ಬಳೆಯನ್ನು ಬಿಚ್ಚಿಬಿಟ್ಟಿದ್ದರು. ರೋಗಿಗಳ ಮೂಗಿಗೆ ಬಡಿಯುತ್ತದೆ, ಗುರಿ ಸರಿಯಾಗಿ ಕಾಣುವುದಿಲ್ಲ, ಇಷ್ಟು ಕಾರಣ. ನಾನು ಕೆಲಸಕ್ಕೆ ಸೇರಿದ ದಿನ ಅದು ಹೊರಕೋಣೆಯಲ್ಲಿ ನೀರಿನ ಗಡಿಗೆಯ ಕೆಳಗೆ ಸಿಂಬಿಯಾಗಿ ಕೂತಿತ್ತು. ಗಡಿಗೆ ಅಲುಗಾಡದಂತೆ ಬಹಳ ಚೆನ್ನಾಗಿ ಹಿಡಿದಿತ್ತು.

ಬಂದೂಕನ್ನು ಅವರು ಬರಿದೆ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಬೇಕು, ಮೊಣಕೈ ಎತ್ತಬೇಕು. "ಕೈ ಮ್ಯಾಲ ಮಾಡಲೇ," ಎಂದು ಪಕ್ಕದ ಕಟಿಂಗ್ ಅಂಗಡಿಯವನ ಕಡೆಗೆ ತಿರುಗಿಸುತ್ತಿದ್ದರು. ಅವನು ಕತ್ತರಿ ಸಮೇತ ಕೈ ಎತ್ತುತ್ತಿದ್ದ. ಇಬ್ಬರೂ ದಿನಾ ನಗುತ್ತಿದ್ದರು. ಒಂದೇ ನಗೆಮಾತಿಗೆ ವರ್ಷವಿಡೀ ನಗುವ ಶಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇಸಿಗೆಯಲ್ಲಿ ಗೆಳೆಯರೊಬ್ಬರು ಮಾವಿನ ಹಣ್ಣಿನ ಬುಟ್ಟಿ ತಂದರು. "ಒಳಗ ಹುಳ ಐತೇನು ನೋಡೂಣು ತಡೀರಿ," ಎಂದು ಸಾಹೇಬರು ಬಂದೂಕು ತೆಗೆದರು. ಒಂದೊಂದು ಹಣ್ಣಿಗೂ ಒಂದೊಂದು ಫೋಟೊ. ಎಕ್ಸ್‌ರೇಗೆ ಅವರು ಹೇಳುತ್ತಿದ್ದದ್ದೇ ಫೋಟೊ ಎಂದು. ಲ್ಯಾಪ್‌ಟಾಪಿನ ಮೇಲೆ ವಾಟೆ ಬೂದುಬಣ್ಣದಲ್ಲಿ ಕಂಡಾಗ ಗೆಳೆಯರು ತಲೆದೂಗಿದರು. ಹುಳ ಎಲ್ಲೂ ಸಿಗಲಿಲ್ಲ. ಹಣ್ಣುಗಳನ್ನು ಒಂದೊಂದಾಗಿ ಕೊಳವೆಯ ಮುಂದೆ ಎರಡು ಬೆರಳಿನಲ್ಲಿ ಹಿಡಿದು ನಿಂತವಳು ಭಾರತಿ.

ಭಾರತಿ ದವಾಖಾನೆಯ ಸಹಾಯಕಿ. ಅಕ್ಕೋಳದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಅಂದರೆ ಕಾರ್ಖಾನೆ ನಡೆಯುವಷ್ಟು ದಿನ ಓಡಿಸುತ್ತಾನೆ. ಉಳಿದ ತಿಂಗಳು ಮನೆ ನಡೆಯುತ್ತಿದ್ದದ್ದು ಇವಳ ಪಗಾರದಿಂದ. ಉಪಕರಣ ಕುದಿಸುವುದು, ಹೆಸರು ಕರೆಯುವುದು, ಅಳುವ ಮಕ್ಕಳ ತಲೆ ಹಿಡಿಯುವುದು ಇವೆಲ್ಲ ಅವಳ ಕೆಲಸ. ಇದರ ಮೇಲೆ ಇನ್ನೊಂದಿತ್ತು.

ಹಲ್ಲಿನ ಎಕ್ಸ್‌ರೇ ತೆಗೆಯುವಾಗ ಬಾಯಿಯ ಒಳಗೆ, ಹಲ್ಲಿನ ಹಿಂದೆ, ಬಿಸ್ಕತ್ತಿನಷ್ಟು ದೊಡ್ಡ ಒಂದು ಪಟ್ಟಿ ಇಡಬೇಕು. ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಅದರ ತಂತಿ ಲ್ಯಾಪ್‌ಟಾಪಿಗೆ ಹೋಗುತ್ತದೆ, ಚಿತ್ರ ಅಲ್ಲಿ ಮೂಡುತ್ತದೆ. ಬಾಯಲ್ಲಿ ಅದು ಜಾರದಂತೆ ನಿಲ್ಲಿಸಲು ಪ್ಲಾಸ್ಟಿಕ್ಕಿನ ಹಿಡಿಕೆಗಳು ಸಿಗುತ್ತವೆ. ರೋಗಿ ಹಿಡಿಕೆಯನ್ನು ಮೆಲ್ಲಗೆ ಕಚ್ಚಿದರಾಯಿತು, ಬೇರೆ ಯಾರೂ ಹತ್ತಿರ ಬರಬೇಕಿಲ್ಲ. ಸಾಹೇಬರ ದವಾಖಾನೆಯಲ್ಲಿ ಆ ಹಿಡಿಕೆ ಭಾರತಿಯ ಬೆರಳಾಗಿತ್ತು. ರೋಗಿಯ ಬಾಯಿಗೆ ಬೆರಳು ಹಾಕಿ, ಪಟ್ಟಿಯನ್ನು ಒತ್ತಿ ಹಿಡಿದು, ಕೊಳವೆಯ ಎದುರಿಗೇ ನಿಲ್ಲುತ್ತಿದ್ದಳು. ಕಿರಣ ನೇರ ಅವಳ ಬೆರಳಿನ ಮೂಲಕ ಹೋಗುತ್ತಿತ್ತು. ಎಷ್ಟೋ ಚಿತ್ರಗಳಲ್ಲಿ ಹಲ್ಲಿನ ಪಕ್ಕದಲ್ಲಿ ಅವಳ ಬೆರಳಿನ ಮೂಳೆಯೂ ಮೂಡುತ್ತಿತ್ತು. "ನೋಡ್ರಿ, ನಮ್ಮ ಭಾರತೀದೂ ಫೋಟೊ ಫ್ರೀ ಬಂತು," ಎನ್ನುತ್ತಿದ್ದರು ಸಾಹೇಬರು.

ಸೇರಿದ ಹೊಸದರಲ್ಲಿ ಬೆಳಗಾವಿಯಿಂದ ಒಂದು ಜೊತೆ ಹಿಡಿಕೆ ತಂದು ಮೇಜಿನ ಮೇಲಿಟ್ಟೆ. ಅವರು ಅದನ್ನು ಆಟಿಕೆಯಂತೆ ತಿರುಗಿಸಿ ನೋಡಿದರು.

"ಇದನ ಬಾಯಾಗ ಕೂಡ್ಸೂದರಾಗ ಹೊತ್ತ ಮುಣಗತೈತಿ. ಹಳ್ಳ್ಯಾವ್ರು ಓಕರಸ್ತಾರ. ಓಕರಿಸಿ ಸೆನ್ಸರ್ ಕಚ್ಚಿ ಒಡದ್ರ ನಿಮ್ಮಪ್ಪ ತಂದ ಕೊಡ್ತಾನೇನವಾ ಡೈರಿಬಾಯಿ?"

ಡೈರಿಬಾಯಿ ಎಂದರೆ ನಾನು. ಮಧ್ಯಾಹ್ನದ ಬಿಡುವಿನಲ್ಲಿ ಬರೆಯುವುದನ್ನು ಕಂಡು ಇಟ್ಟ ಹೆಸರು. ಹಿಡಿಕೆಗಳು ಡ್ರಾಯರಿಗೆ ಹೋದವು. ಸೆನ್ಸರಿಗೆ ಮಾತ್ರ ಪ್ರತಿ ಸಲ ಹೊಸ ಪ್ಲಾಸ್ಟಿಕ್ ಚೀಲ ತೊಡಿಸಬೇಕಿತ್ತು, ಅದರ ತಂತಿ ಮಡಚಬಾರದಿತ್ತು, ರಾತ್ರಿ ಅದನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಮಲಗಿಸಬೇಕಿತ್ತು. ಅದು ದುಬಾರಿ ಸಾಮಾನು.

ಅವರ ಬಾಯಿಯಲ್ಲಿ ಸದಾ ಇದ್ದ ಮಾತು "ಏನೂ ಆಗೂದಿಲ್ಲ". ಮರಾಠಿಯಲ್ಲಿ "ಕಾಹೀ ಹೋತ್ ನಾಹೀ". ಇನ್ನೂ ಅನುಮಾನ ತೋರಿದವರಿಗೆ ಹಿಂದಿಯಲ್ಲಿ. ಅವರು ಹಾಗೆಂದಾಗಲೆಲ್ಲ ನಾನು ದಿನಚರಿಯ ಹಿಂದಿನ ಹಾಳೆಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ, ಐದಕ್ಕೊಂದು ಅಡ್ಡಗೆರೆ. ಸಂತೆಯ ದಿನ ಹಾಳೆ ಸಾಲುತ್ತಿರಲಿಲ್ಲ. ಯಾರಾದರೂ ಓದಿದವರು ಕೇಳಿದರೆ ಬಾಳೆಹಣ್ಣನ್ನು ಮುಂದೆ ತರುತ್ತಿದ್ದರು. "ಬಾಳೆಹಣ್ಣಿನ್ಯಾಗೂ ರೇಡಿಯೇಶನ್ ಐತ್ರಿ. ತಿನ್ನೂದ ಬಿಟ್ಟೀರೇನು?" ಯಂತ್ರ ಮಾರಿದವನು ಕಲಿಸಿಕೊಟ್ಟ ಮಾತು ಅದು. ಸುಳ್ಳಲ್ಲ. ಒಂದು ಹಲ್ಲಿನ ಒಂದು ಚಿತ್ರದಿಂದ ರೋಗಿಗೆ ತಗಲುವುದು ತೀರ ಸ್ವಲ್ಪ. ಬೇಕಾದಾಗ ಅದನ್ನು ತೆಗೆಯಲೇಬೇಕು, ಹೆದರಬಾರದು, ನಾನೂ ದಿನಾ ತೆಗೆಯುತ್ತೇನೆ. ಆದರೆ ರೋಗಿ ವರ್ಷಕ್ಕೊಮ್ಮೆ ಬರುತ್ತಾನೆ. ಭಾರತಿಯ ಬೆರಳು ದಿನವಿಡೀ ಅಲ್ಲೇ ಇರುತ್ತಿತ್ತು. ಈ ವ್ಯತ್ಯಾಸ ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ, ಒಲೆಯ ಮುಂದೆ ರೊಟ್ಟಿ ಬಡಿಯುವವಳಿಗೂ ಗೊತ್ತು.

ಮೈಗೆ ಎಷ್ಟು ತಗುಲಿತೆಂದು ಅಳೆಯಲು ಒಂದು ಬಿಲ್ಲೆ ಇರುತ್ತದೆ. ಎಕ್ಸ್‌ರೇ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಂಡಿರಬೇಕು, ಕೆಲ ತಿಂಗಳಿಗೊಮ್ಮೆ ಅದನ್ನು ಕಳಿಸಿದರೆ ಲೆಕ್ಕ ಬರುತ್ತದೆ. ಇಡೀ ದವಾಖಾನೆಗೆ ಒಂದೇ ಬಿಲ್ಲೆ, ಅದೂ ಸಾಹೇಬರ ಹೆಸರಿನದು. ಕಳೆದುಹೋದರೆ ಕಷ್ಟವೆಂದು ಅವರು ಅದನ್ನು ದೇವರ ಗೂಡಿನಲ್ಲಿ, ಲಕ್ಷ್ಮಿಯ ಪಟದ ಹಿಂದೆ ಇಟ್ಟಿದ್ದರು. ಆಯುಧಗಳಿಗೆ ಪೂಜೆ ಮಾಡುವ ಖಂಡೆ ಪೂಜೆಯ ದಿನ ಇಕ್ಕಳ, ಕಾರು, ಬಂದೂಕುಗಳ ಜೊತೆ ಅದಕ್ಕೂ ಕುಂಕುಮ ಬೀಳುತ್ತಿತ್ತು. ಲೆಕ್ಕ ಪ್ರತಿ ಸಲವೂ ಶೂನ್ಯವೆಂದು ಬರುತ್ತಿತ್ತು. ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದರು. ಲಕ್ಷ್ಮಿಗೆ ವಿಕಿರಣ ತಗುಲಿಲ್ಲ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಸೀಸದ ಏಪ್ರನ್ನೂ ಒಂದೇ ಇತ್ತು. ಬಂದೂಕು ಹಿಡಿದಾಗ ಸಾಹೇಬರು ಅದನ್ನು ತಪ್ಪದೆ ತೊಡುತ್ತಿದ್ದರು. ಒಂದು ದಿನ, ಭಾರತಿ ಪಕ್ಕದಲ್ಲೇ ಉಪಕರಣ ಕುದಿಸುತ್ತಿದ್ದಾಗ, ಕೇಳಿದೆ.

"ಸರ್, ಇನ್ನೊಂದು ಏಪ್ರನ್ ತರಸೂಣ್ರಿ, ಭಾರತಿಗೂ ಆಗತೈತಿ."

"ಏಪ್ರನ್ ಡಾಕ್ಟರ್ದವಾ. ನಾಳೆ ಆಕಿ ಹಾಕ್ಕೊಂಡು ನಿಂತ್ರ ಪೇಶಂಟ ಆಕಿಗೇ ನಮಸ್ಕಾರ ಮಾಡ್ತಾನ."

"ಏನೂ ಆಗೂದಿಲ್ಲಂದ್ರ ನಿಮಗ್ಯಾಕ ಬೇಕ್ರಿ?"

"ನಾ ದಿನಾ ತಗೀತೇನಿ. ದಿನಾ ತಗಿಯಾವ್ರಿಗೆ ಬೇಕಾಗತೈತಿ."

"ಆಕಿನೂ ದಿನಾ ಹಿಡೀತಾಳಲ್ರಿ."

"ಆಕಿ ಬರೇ ಬೆರಳ ಹಿಡೀತಾಳ," ಎಂದು ಅವರು ಚಹಾ ಕುಡಿಯಲು ಎದ್ದು ಹೋದರು.

ಆ ಏಪ್ರನ್ನನ್ನಾದರೂ ಸರಿಯಾಗಿ ನೋಡಿಕೊಂಡರೇ ಎಂದರೆ ಅದೂ ಇಲ್ಲ. ಸೀಸದ ಬಟ್ಟೆಯನ್ನು ಮಡಚಬಾರದು, ಮಡಚಿದರೆ ಒಳಗೆ ಬಿರುಕು ಬಿಡುತ್ತದೆ, ತೂಗುಹಾಕಬೇಕು. ಅವರು ನಾಲ್ಕು ಮಡಿಕೆ ಮಾಡಿ ಕಾರಿನಲ್ಲಿ ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದರು. ಇಲ್ಲವೆಂದು ತಾವೇ ಸಾರಿದ ಅಪಾಯಕ್ಕೆ ಬಿರುಕು ಬಿಟ್ಟ ಗುರಾಣಿ ತೊಟ್ಟು ನಿಲ್ಲುತ್ತಿದ್ದ ಮನುಷ್ಯ.

ಚಳಿಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಭಾರತಿ ಲವಂಗದ ಎಣ್ಣೆಯ ಸೀಸೆ ತೆರೆದವಳೇ ಹಿತ್ತಿಲಿಗೆ ಓಡಿದಳು. ವಾಂತಿಯ ಸದ್ದು ಕೇಳಿ ಹೋದೆ. ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದಳು. ನಾನು ಕೇಳುವ ಮೊದಲೇ ಹೇಳಿದಳು.

"ಮೂರನೇ ತಿಂಗಳ ನಡದೈತ್ರಿ ಅಕ್ಕಾರ. ಸಾಹೇಬ್ರಿಗೆ ಹೇಳಬ್ಯಾಡ್ರಿ."

"ಹೇಳಲಿಲ್ಲಂದ್ರ ದಿನಾ ಹಿಡೀಬೇಕಾಗತೈತಲ್ಲ ಭಾರತಿ."

"ಹೇಳಿದ್ರ ನಾಳಿಂದ ಬರೂದ ಇರೂದಿಲ್ರಿ. ನನ್ನಕಿಂತ ಮೊದಲ ಇದ್ದಾಕಿ ಹೇಳಿದ್ಲಂತ. ಸಾಹೇಬ್ರ ಹೆಂಡ್ತಿ ಮನಿಗೆ ಕರದು ಉಡಿ ತುಂಬಿದ್ರು, ಪೇಡೆ ಕೊಟ್ರು, ಆರಾಮ ತಗೋವಾ ಅಂದ್ರು. ಸೋಮವಾರ ಬರೂದ್ರಾಗ ಆಕಿ ಜಾಗಾದಾಗ ನಾ ಇದ್ನಿ."

ನಗುತ್ತಲೇ ಹೇಳಿದಳು. ಬಾಯಿ ಮುಕ್ಕಳಿಸಿ ಮತ್ತೆ ಒಳಗೆ ಹೋದಳು.

ಬಸುರಿಯನ್ನು ಕೆಲಸದಿಂದ ತೆಗೆಯಬೇಕಾಗಿಯೇ ಇರಲಿಲ್ಲ. ಹಿಡಿಕೆ ಬಳಸಬೇಕು, ಚಿತ್ರ ತೆಗೆಯುವ ಹೊತ್ತಿಗೆ ಅವಳು ಗೋಡೆಯಾಚೆ ನಿಲ್ಲಬೇಕು, ಮತ್ತೆ ಒಳಗೆ ಬರಬೇಕು. ಇಷ್ಟು ಮಾಡಿದ್ದರೆ ದಿನ ತುಂಬುವವರೆಗೆ ಯಾವ ಅಡ್ಡಿಯೂ ಇಲ್ಲದೆ ದುಡಿಯಬಹುದಿತ್ತು. ಡ್ರಾಯರಿನಲ್ಲಿ ಬಿದ್ದ ಎರಡು ಪ್ಲಾಸ್ಟಿಕ್ ತುಂಡುಗಳಿಗೂ ಅವಳ ಪಗಾರಕ್ಕೂ ನಡುವೆ ನಿಂತದ್ದು ಒಬ್ಬ ಮನುಷ್ಯನ ಗತ್ತು ಮಾತ್ರ. ಸಾಹೇಬರು ಇಲ್ಲದ ಹೊತ್ತಿನಲ್ಲಿ ನಾನು ಹಾಗೇ ಮಾಡುತ್ತಿದ್ದೆ. ಗಡಿಗೆಯನ್ನು ಕೆಳಗಿಳಿಸಿ, ಬಳೆಯನ್ನು ಒರೆಸಿ ಯಂತ್ರಕ್ಕೆ ಬಿಗಿದು, ಭಾರತಿಯನ್ನು ಹೊರಗೆ ಕಳಿಸಿ ಚಿತ್ರ ತೆಗೆಯುತ್ತಿದ್ದೆ. ಯಾರೂ ಓಕರಿಸಲಿಲ್ಲ. ಸೆನ್ಸರನ್ನು ಯಾರೂ ಒಡೆಯಲಿಲ್ಲ. ಅವರು ಇದ್ದಾಗ ಬಂದೂಕು ಅವರ ಕೈಯಲ್ಲೇ ಇರುತ್ತಿತ್ತು. ಶಿಬಿರಗಳ ದಿನವಂತೂ ಅವರು ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಶಿಬಿರ ಎಂದರೆ ಅವರಿಗೆ ಜಾತ್ರೆ. ಕಾಗವಾಡದ ಕಡೆ, ರಾಯಬಾಗದ ಕಡೆ, ಹೊಳೆಸಾಲಿನ ಹಳ್ಳಿಗಳಲ್ಲಿ ತಿಂಗಳಿಗೊಂದು. ಹಲ್ಲು ನೋಯಲಿ ಬಿಡಲಿ, ಬಂದವರಿಗೆಲ್ಲ ಒಂದು ಫೋಟೊ. ಎಕ್ಸ್‌ರೇಯನ್ನು ಕಾರಣವಿಲ್ಲದೆ ತೆಗೆಯಬಾರದು ಎಂಬುದು ಮೊದಲ ಪಾಠ. ಅವರ ಮೊದಲ ಪಾಠ, ಬಂದ ಜನ ಏನಾದರೂ ನೋಡಿ ಹೋಗಬೇಕು ಎಂಬುದು.

ಆ ತಿಂಗಳ ಶಿಬಿರ ಸತ್ತಿಯಲ್ಲಿ, ಶಾಲೆಯ ಒಂದು ಕೋಣೆಯಲ್ಲಿ. ಕರೆಸಿದವರು ಊರಿನ ಸೊಸೈಟಿಯ ಚೇರ್ಮನ್ನರು, ಕಬ್ಬು ದ್ರಾಕ್ಷಿ ಎರಡೂ ಇರುವ ದೊಡ್ಡ ಮನೆತನದ ಹಿರಿಯ. ಮೊದಲ ಕುರ್ಚಿ ಅವರದೇ. ಟೋಪಿ ತೆಗೆದು, ಜೊತೆಗೆ ಬಂದಿದ್ದ ಸೊಸೆಯ ಕೈಗೆ ಕೊಟ್ಟು ಕೂತರು. ಬಾಗಿಲವರೆಗೂ ಜನ. ಸಾಹೇಬರು ಏಪ್ರನ್ ತೊಟ್ಟರು, ಬಂದೂಕು ಎತ್ತಿದರು, ಜನರನ್ನು ಒಂದು ಸುತ್ತು ನೋಡಿದರು.

"ಏನೂ ಆಗೂದಿಲ್ಲ. ಮೋಬೈಲದಾಗ ಫೋಟೊ ತಗದಂಗ," ಎಂದರು. ನಾನು ಮನಸ್ಸಿನಲ್ಲೇ ಗೆರೆ ಎಳೆದೆ.

ಚೇರ್ಮನ್ನರು ಬಾಯಿ ತೆರೆದರು. ಭಾರತಿ ಸೆನ್ಸರನ್ನು ಕೆಳದವಡೆಯ ಹಿಂದೆ ಇಟ್ಟು ಬೆರಳಿನಿಂದ ಒತ್ತಿದಳು. ಸಾಹೇಬರು ಒಂದು ಕಣ್ಣು ಮುಚ್ಚಿದರು. ಮರುಕ್ಷಣ ತೆರೆದು ಕೊಳವೆಯನ್ನು ಕೆಳಗಿಳಿಸಿದರು. ಕುರ್ಚಿಯ ಪಕ್ಕದಲ್ಲಿ ಟೋಪಿ ಹಿಡಿದು ನಿಂತಿದ್ದ ಸೊಸೆಯನ್ನು ಆಗ ನೋಡಿದ್ದರು. ಏಳೆಂಟು ತಿಂಗಳ ಬಸುರಿ.

"ಯವ್ವಾ, ನೀ ಇಲ್ಲಿ ನಿಂದರಬ್ಯಾಡವಾ," ಎಂದರು, ನಾನು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ. "ಹೊರಗ ಹೋಗು. ಗೋಡಿ ಆಚಿ ನಿಂದರು. ಹೊಟ್ಯಾಗ ಕೂಸೈತಿ, ಇದರ ಕಿರಣ ತಾಗಬಾರ್ದು."

ಅಲ್ಲಿಯವರೆಗೆ ನಾನು ಅವರನ್ನು ತಿಳಿಯದ ಮನುಷ್ಯ ಎಂದುಕೊಂಡಿದ್ದೆ. ಹಳೆಯ ಕಾಲದಲ್ಲಿ ಓದಿದವರು, ಹೊಸ ಯಂತ್ರದ ಪುಸ್ತಕ ತೆರೆದು ನೋಡಿಲ್ಲ, ಮಾರಿದವನ ಮಾತು ನಂಬಿದ್ದಾರೆ ಎಂದು. ದಡ್ಡತನಕ್ಕೆ ಸ್ವಲ್ಪ ಕ್ಷಮೆ ಇರುತ್ತದೆ. ಆ ಮೆತ್ತನೆಯ ದನಿ ಕೇಳಿದ ಮೇಲೆ ಅದೂ ಉಳಿಯಲಿಲ್ಲ. ಗೋಡೆ ಏನು ಮಾಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೊಟ್ಟೆಯಲ್ಲಿರುವ ಕೂಸಿನ ವಿಷಯ ಗೊತ್ತಿತ್ತು. ಯಾರ ಸೊಸೆಗೆ ಹೇಳಬೇಕು, ಯಾರಿಗೆ ಹೇಳಬೇಕಿಲ್ಲ ಎಂಬುದೂ ಗೊತ್ತಿತ್ತು.

ಸೊಸೆ ಹೊರಗೆ ಹೋದಳು. ಸಾಹೇಬರು ಮತ್ತೆ ಗುರಿ ಹಿಡಿದರು. ಭಾರತಿ ಬೆರಳು ತೆಗೆದಳು, ಸೆನ್ಸರನ್ನೂ ಹೊರಗೆ ತೆಗೆದಳು.

"ಯಾಕ? ಏನಾತು?"

"ನೀವ ಹಿಡೀರಿ ಸಾಹೇಬ್ರ. ಬಂದೂಕ ನಾ ಹಿಡೀತೀನಿ."

ಜನ ನಕ್ಕರು. ಸಾಹೇಬರೂ ನಕ್ಕರು. "ನೋಡ್ರಿ, ನಮ್ಮ ನರ್ಸಬಾಯಿ ಡಾಕ್ಟರ ಆಗಾಕತ್ಯಾಳ."

"ಬರೇ ಬೆರಳ ಹಿಡಿಯೂದೈತಲ್ರಿ," ಎಂದಳು ಭಾರತಿ.

ಚೇರ್ಮನ್ನರಿಗೆ ಮಜಾ ಅನಿಸಿತು. "ಹಿಡೀರಲ್ಲ ಡಾಕ್ಟರ. ಆಕಿ ಹೊಡೀಲಿ, ನಾವೂ ನೋಡೂಣು. ಏನೂ ಆಗೂದಿಲ್ಲಂತ ಈಗರೆ ಹೇಳೀರಿ."

ಅಷ್ಟು ಜನರ ಎದುರು ಇಲ್ಲವೆನ್ನಲು ಆಗಲಿಲ್ಲ. ತಮಾಷೆಯೆಂಬಂತೆ ಬಂದೂಕನ್ನು ಭಾರತಿಯ ಕೈಗೆ ಕೊಟ್ಟರು, ಸೆನ್ಸರ್ ತೆಗೆದುಕೊಂಡರು, ಚೇರ್ಮನ್ನರ ತುಟಿಯವರೆಗೆ ಒಯ್ದರು. ಭಾರತಿ ಇನ್ನೂ ಗುರಿಯನ್ನೂ ಹಿಡಿದಿರಲಿಲ್ಲ, ಕೊಳವೆಯನ್ನು ನೆಲದ ಕಡೆಗೇ ಇಟ್ಟುಕೊಂಡು ನಿಂತಿದ್ದಳು. ಸಾಹೇಬರ ಕೈ ಅಲ್ಲೇ ನಿಂತಿತು. ಬೆರಳುಗಳು ಒಳಕ್ಕೆ ಮಡಚಿಕೊಂಡವು. ಕೈ ಹಿಂದಕ್ಕೆ ಬಂತು.

"ತಡಿ, ತಡಿ. ಅದರಾಗ ಬ್ಯಾಟರಿ ಇಲ್ಲ."

"ಹಸರ ದೀಪ ಹತ್ತೇತಲ್ರಿ," ಎಂದರು ಚೇರ್ಮನ್ನರು.

"ಅದು ಹಂಗ ತೋರಸ್ತೈತ್ರಿ."

ಯಾರೂ ನಗಲಿಲ್ಲ. ಭಾರತಿ ಬಂದೂಕನ್ನು ಮೇಜಿನ ಮೇಲೆ, ಬಾಯಿ ಗೋಡೆಯ ಕಡೆಗೆ ಮಾಡಿ ಇಟ್ಟಳು. "ನಂಗೂ ನಾಕನೇ ತಿಂಗಳ್ರಿ ಸಾಹೇಬ್ರ," ಎಂದಳು. ದನಿ ಏರಿಸಲಿಲ್ಲ. ಹೊರಗೆ ಹೋಗಿ ಗೋಡೆಯಾಚೆ ಚೇರ್ಮನ್ನರ ಸೊಸೆಯ ಪಕ್ಕದಲ್ಲಿ ನಿಂತಳು. ಆಕೆ ಸ್ವಲ್ಪ ಸರಿದು ನೆರಳಿನಲ್ಲಿ ಜಾಗ ಮಾಡಿಕೊಟ್ಟಳು.

ಸರದಿಯಲ್ಲಿದ್ದ ಮುದುಕಿಯೊಬ್ಬಳು ಎದ್ದಳು. "ನಂಗ ಫೋಟೊ ಬ್ಯಾಡೋ ಯಪ್ಪಾ. ಹಲ್ಲ ಕಿತ್ತ ಕೊಡು, ಸಾಕು."

ಆ ದಿನ ಸಂಜೆಯವರೆಗೂ ಅವರು ಹಲ್ಲನ್ನಷ್ಟೇ ಕಿತ್ತರು. ಬಹಳ ಚೆನ್ನಾಗಿ ಕಿತ್ತರು. ಮರಳುವಾಗ ಕಾರಿನಲ್ಲಿ ಹಿಂದೆ ನಾವಿಬ್ಬರು, ಮುಂದೆ ಅವರು, ಬೆನ್ನಿಗೆ ಮಡಚಿದ ಏಪ್ರನ್. ಚಿಕ್ಕೋಡಿ ಬರುವವರೆಗೆ ಒಂದೇ ಮಾತಾಡಿದರು. "ಮನಷ್ಯಾಗ ನಂಬಿಕಿ ಇರಬೇಕು."

ಮರುದಿನ ಬೆಳಿಗ್ಗೆ ಅವರ ಹೆಂಡತಿ ಭಾರತಿಯನ್ನು ಮನೆಗೆ ಕರೆಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಖಣ, ಪೇಡೆ. ಆರಾಮ ತಗೋ ಎಂದರು. ಭಾರತಿ ಉಡಿ ಹಿಡಿದುಕೊಂಡೇ ದವಾಖಾನೆಗೆ ಬಂದು, ತನ್ನ ಊಟದ ಡಬ್ಬಿ ತೆಗೆದುಕೊಂಡು, ನನ್ನ ಕೈಯಲ್ಲಿ ಒಂದು ಪೇಡೆ ಇಟ್ಟು ಬಸ್ಸಿಗೆ ಹೋದಳು.

ನಾನು ಇಂಥ ಯಂತ್ರಗಳ ಮೇಲೆ ಕಣ್ಣಿಡುವ ಇಲಾಖೆಗೆ ಬರೆದೆ. ಬಳೆ, ಬೆರಳು, ಬಿಲ್ಲೆ, ಮೂರನ್ನೂ ಕಂಡಂತೆ ಬರೆದೆ, ನನ್ನ ಹೆಸರು ಹಾಕಿದೆ, ನಕಲನ್ನು ಸಾಹೇಬರ ಮೇಜಿನ ಮೇಲಿಟ್ಟು ಕೆಲಸ ಬಿಟ್ಟೆ. ಓದಿ ಅವರು ಹೇಳಿದ್ದು, "ಹೊಟ್ಟಿಕಿಚ್ಚ". ಕೆಲ ತಿಂಗಳ ಮೇಲೆ ಬಂದು ನೋಡಿದವರು ಯಂತ್ರಕ್ಕೆ ಮೊಹರು ಹಾಕಿ, ಎಲ್ಲ ಸರಿಮಾಡುವ ತನಕ ತೆಗೆಯಕೂಡದು ಎಂದರು. ಬಂದೂಕು ಸರ್ವಿಸಿಗೆ ಹೋಗಿದೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಹಬ್ಬಿಸಿದವರು ಯಾರೆಂದು ಹೇಳಬೇಕಿಲ್ಲ.

ಭಾರತಿಗೆ ಹೆಣ್ಣು ಮಗುವಾಯಿತು, ಆರೋಗ್ಯವಾಗಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಮಗುವಿಗೆ ತೊಂದರೆಯಾಗಿದ್ದರೂ ಇದೇ ಕಿರಣದಿಂದ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಾಗಿದ ದಿನ ನೋಯುವುದಿಲ್ಲ. ಮುಂದೆ ಎಂದೋ ಬರುವ ರೋಗ ಯಾವ ದಿನದ್ದೆಂದು ಹೇಳಿಕೊಂಡು ಬರುವುದಿಲ್ಲ. ಅದಕ್ಕೇ ಮುಂಚೆಯೇ ಹುಷಾರಾಗಿರಬೇಕು ಎನ್ನುವುದು. ಅದಕ್ಕೇ ಸಾಹೇಬರಂಥವರು ಸತ್ಕಾರದವರೆಗೂ ಸುಖವಾಗಿ ಬಾಳುವುದು. ಅವರ ತಪ್ಪಿಗೆ ಸಾಕ್ಷಿ ಹೇಳುವವರು ಎಂದೂ ಬರುವುದಿಲ್ಲ.

ಈಚೆಗೆ ನಿಪ್ಪಾಣಿಯ ಪೇಟೆಯಲ್ಲಿ ಭಾರತಿ ಸಿಕ್ಕಿದ್ದಳು. ಈಗ ಅವಳು ಅಕ್ಕೋಳದಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ದವಾಖಾನೆಯ ಪಗಾರದಷ್ಟು ಗಿಟ್ಟುವುದಿಲ್ಲ. ನೂಲು, ಹುಕ್ಕು ಕೊಳ್ಳಲು ಬಂದಿದ್ದಳು, ಮಗು ಸೊಂಟದ ಮೇಲೆ. ಮಾತಾಡುತ್ತ ನಿಂತಿದ್ದಾಗ ಪಕ್ಕದಲ್ಲಿ ಕಾರು ನಿಂತಿತು. ಸಾಹೇಬರು ಇಳಿದರು, ಜೊತೆಗೆ ಇಬ್ಬರು ಗೆಳೆಯರು. ನನ್ನನ್ನು ನೋಡಿಯೂ ನೋಡದಂತೆ ಮಾಡಿ ಮಗುವಿನ ಕೆನ್ನೆ ಹಿಂಡಿದರು.

"ನಮ್ಮ ಭಾರತಿ ಮಗಳಲ್ಲೇನಿದು? ನೋಡ್ರಿ, ಹೆಂಗ ಬೆಣ್ಣಿ ಮುದ್ದಿ ಆಗ್ಯಾಳ," ಎಂದು ಗೆಳೆಯರಿಗೆ ತೋರಿಸಿದರು. "ಹೊಟ್ಯಾಗಿದ್ದಾಗ ನನ್ನ ಬಂದೂಕಿನ ಮುಂದನ ಇದ್ದಾಕಿ ಇಕಿ. ಏನಾತು? ಏನರ ಆತೇನು? ನಾ ಹೇಳಿರಲಿಲ್ಲೇನು?"

ಗೆಳೆಯರು ತಲೆಯಾಡಿಸಿದರು. ನನ್ನ ಬಾಯಿಗೆ ಇಡೀ ಪಾಠವೇ ಬಂತು. ಭಾರತಿ ನನ್ನ ಮೊಣಕೈ ಮುಟ್ಟಿ ಸುಮ್ಮನಾಗಿಸಿದಳು.

"ಏನೂ ಆಗಲಿಲ್ರಿ ಸಾಹೇಬ್ರ," ಎಂದಳು. "ಆವತ್ತ ನಾ ಕೈ ತಗದ್ನಲ್ರಿ."

ಅವರು ನಕ್ಕು, ಮತ್ತೊಮ್ಮೆ ಕೆನ್ನೆ ಹಿಂಡಲು ಕೈ ಚಾಚಿದರು. ಭಾರತಿ ಮಗುವನ್ನು ಆಚೆ ಸೊಂಟಕ್ಕೆ ಬದಲಿಸಿಕೊಂಡಳು.